ಮನೆಯಿದ್ದೂ ಲಾಡ್ಜ್ ಸೇರಿದ್ದು

‘ಅಷ್ಟು ದೊಡ್ಡ ಮನೆ ಇಟ್ಕೊಂಡು ಲಾಡ್ಜ್‌ಗೆ ಯಾಕೋ ಹೋಗ್ತೀಯಾ? ಜಗಳ ಆಡಿದ್ರಾ?’ ಫೋನಿನಲ್ಲಿ ಅಮ್ಮನ ಗಾಬರಿ. ತಪ್ಪು ಅವಳದಲ್ಲ. ನಮ್ಮ ಕಡೆ ಲಾಡ್ಜ್ ಎಂದರೆ ಬಸ್ ಸ್ಟ್ಯಾಂಡ್ ಎದುರಿನ, ದಿಂಬಿಗೆ ಎಣ್ಣೆ ಕಲೆ ಹತ್ತಿದ ರೂಮು. ನಾನು ಸೇರಹೊರಟಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನಮ್ಮೂರಿನ ಫ್ರೀಮೇಸನ್ನರ ಲಾಡ್ಜ್. ಗುಟ್ಟಿನ ವಿಧಿಗಳ ಹಳೆಯ ಸೋದರಸಂಘ ಅದು, ಲಾಡ್ಜ್ ಎಂದರೆ ಅದರ ಊರ ಶಾಖೆ.

ಪಕ್ಕದ ಮನೆಯ ಮುದುಕರಿಂದ ಶುರುವಾದದ್ದು ಇದು. ನಿವೃತ್ತ ಪ್ಲಂಬರ್. ಹಿಮ ಬಿದ್ದ ಬೆಳಿಗ್ಗೆ ನಾನು ಏಳುವ ಮುಂಚೆಯೇ ನನ್ನ ಬಾಗಿಲ ಮುಂದಿನದನ್ನೂ ಎತ್ತಿ ಹಾಕಿರುತ್ತಿದ್ದರು. ಬೆರಳಿನ ಉಂಗುರದಲ್ಲಿ ಮೂಲೆಮಟ್ಟ, ಕೈವಾರ: ಫ್ರೀಮೇಸನ್ನರ ಗುರುತು. ಹತ್ತು ವರ್ಷದಲ್ಲಿ ಒಮ್ಮೆಯೂ ‘ಬಾ’ ಎನ್ನಲಿಲ್ಲ. ಅವರಾಗಿ ಕರೆಯುವ ಪದ್ಧತಿ ಇಲ್ಲ, ನಾವೇ ಬಾಯಿಬಿಟ್ಟು ಕೇಳಬೇಕಂತೆ. ಕೇಳಿದೆ.

ಅರ್ಜಿ ಕೊಟ್ಟ ಮೇಲೆ ಮೂವರು ವಿಚಾರಿಸಲು ಮನೆಗೆ ಬಂದರು. ಥೇಟ್ ಹೆಣ್ಣು ನೋಡುವ ಶಾಸ್ತ್ರ, ಸೋಫಾದ ತುದಿಯಲ್ಲಿ ಕೂತಿದ್ದವನು ಮಾತ್ರ ನಾನು. ದೇವರನ್ನು ನಂಬುತ್ತೀಯಾ ಎಂದರು. ಯಾವ ದೇವರು ಅಂತ ಕೇಳಲಿಲ್ಲ. ಹೆಂಡತಿ ಮಾಡಿದ ಚಿತ್ರಾನ್ನವನ್ನು ಒಬ್ಬರು ಎರಡನೇ ಸಲ ಹಾಕಿಸಿಕೊಂಡಾಗ ಸಂಬಂಧ ಕುದುರಿತು ಅಂದುಕೊಂಡೆ. ಆದರೆ ಮತದಾನ ಬಾಕಿಯಿತ್ತು. ಮರದ ಪೆಟ್ಟಿಗೆಯೊಳಗೆ ಕೈ ಹಾಕಿ ಬಿಳಿ ಗುಂಡನ್ನೋ ಕಪ್ಪು ಘನವನ್ನೋ ಬೀಳಿಸುತ್ತಾರೆ. ಒಂದೇ ಒಂದು ಕಪ್ಪು ಬಿದ್ದರೂ ಬಾಗಿಲು ಮುಚ್ಚಿತು ಎನ್ನುವುದು ಹಳೆಯ ಕ್ರಮ. ಯಾರು ಹಾಕಿದರೆಂದು ಯಾರಿಗೂ ಗೊತ್ತಾಗುವುದಿಲ್ಲ.

ಕಾಯುತ್ತಿದ್ದ ಆ ವಾರಗಳಲ್ಲಿ ಇತಿಹಾಸ ಓದಿದೆ. ಈ ರಾಜ್ಯದಲ್ಲಿ ಲಾಡ್ಜ್‌ಗಳ ಮೇಲಿನ ಗ್ರ್ಯಾಂಡ್ ಲಾಡ್ಜ್ ಹುಟ್ಟಿದ್ದು 1733ರ ಜುಲೈ 30ರಂದು, ಬಾಸ್ಟನ್ನಿನ ‘ಬಂಚ್ ಆಫ್ ಗ್ರೇಪ್ಸ್’ ಎಂಬ ಹೆಂಡದಂಗಡಿಯಲ್ಲಿ. ಹುಟ್ಟಿಸಿದ ಹೆನ್ರಿ ಪ್ರೈಸ್ ವೃತ್ತಿಯಲ್ಲಿ ದರ್ಜಿ. ಬ್ರಿಟಿಷರ ಎದುರು ಬಂಕರ್ ಹಿಲ್ ಕಾಳಗದಲ್ಲಿ ಸತ್ತ ಜೋಸೆಫ್ ವಾರನ್ ಒಬ್ಬ ಗ್ರ್ಯಾಂಡ್ ಮಾಸ್ಟರ್, ಅಂದರೆ ಮುಖ್ಯಸ್ಥ. ಬೆಳ್ಳಿ ಕೆಲಸದ ಪಾಲ್ ರೆವಿಯರ್ ಇನ್ನೊಬ್ಬ. 1795ರಲ್ಲಿ ಇಲ್ಲಿನ ಶಾಸನಸಭೆಯ ಕಟ್ಟಡ ಸ್ಟೇಟ್ ಹೌಸ್‌ನ ಮೂಲೆಗಲ್ಲು ಇಡುವಾಗ ಅವನೂ ಇದ್ದ. ಇದನ್ನೆಲ್ಲ ಲಾಡ್ಜ್‌ನವರೇ ಎದೆಯುಬ್ಬಿಸಿ ಹೇಳುತ್ತಾರೆ. 1826ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಗುಟ್ಟು ಬಯಲು ಮಾಡಹೊರಟ ವಿಲಿಯಂ ಮಾರ್ಗನ್ ಕಾಣೆಯಾದದ್ದು, ಜನ ಸಿಟ್ಟಾಗಿ ಎಷ್ಟೋ ಲಾಡ್ಜ್‌ಗಳು ಬಾಗಿಲು ಹಾಕಿದ್ದು ಕೆದಕಿದರೆ ಸಿಗುತ್ತದೆ.

ನಾನು ಸಿಕ್ಕಿಹಾಕಿಕೊಂಡದ್ದು ಪ್ರಿನ್ಸ್ ಹಾಲ್ ಬಳಿ. ಬಾಸ್ಟನ್ನಿನ ಕರಿಯ, ಚರ್ಮದ ಕೆಲಸದವನು. ಬ್ರಿಟಿಷರ ವಿರುದ್ಧದ ಅಮೆರಿಕನ್ ಕ್ರಾಂತಿಯ ಕಾಲದ ಫಿರಂಗಿ ದಳಕ್ಕೆ ನಗಾರಿಯ ಚರ್ಮ ಮಾಡಿಕೊಟ್ಟವನು. ಊರಿನ ಬಿಳಿಯರ ಲಾಡ್ಜ್‌ಗಳು ಅವನನ್ನು ಒಳಗೆ ಬಿಡಲಿಲ್ಲ. 1775ರ ಮಾರ್ಚ್ 6ರಂದು ಅವನಿಗೂ ಇನ್ನು 14 ಮಂದಿಗೂ ದೀಕ್ಷೆ ಕೊಟ್ಟದ್ದು ಬ್ರಿಟಿಷ್ ಸೈನಿಕರ ಒಂದು ಲಾಡ್ಜ್, ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್‌ನಿಂದ ಸನ್ನದು, ಅಂದರೆ ಅನುಮತಿ ಪತ್ರ, ಪಡೆದದ್ದು. ಸ್ವಾತಂತ್ರ್ಯ, ಸ್ವಾತಂತ್ರ್ಯ ಎಂದು ಊರೆಲ್ಲ ಕೂಗುತ್ತಿದ್ದಾಗ ಬಾಗಿಲು ತೆರೆದವರು ಶತ್ರುಪಾಳಯದವರು! ಆಮೇಲೂ ಅವನು ತನ್ನ ಲಾಡ್ಜ್‌ಗೆ ಸನ್ನದು ಬೇಡಿದ್ದು ಲಂಡನ್ನಿನವರನ್ನೇ. 1784ರ ತಾರೀಖಿನ ಆ ಕಾಗದ ಸಮುದ್ರ ದಾಟಿ ಕೈ ಸೇರಿದ್ದು 1787ರಲ್ಲಿ. ಗುಲಾಮಗಿರಿ ನಿಲ್ಲಿಸಿ, ನಮ್ಮ ಮಕ್ಕಳಿಗೂ ಶಾಲೆ ಕೊಡಿ ಎಂದು ಶಾಸನಸಭೆಗೆ ಅರ್ಜಿ ಹಾಕುತ್ತಲೇ ಇದ್ದ. ಅವನ ಹೆಸರಿನ ಗ್ರ್ಯಾಂಡ್ ಲಾಡ್ಜ್ ಇಂದಿಗೂ ಪ್ರತ್ಯೇಕ. 1947ರಲ್ಲಿ ನಮ್ಮವರು ಅದಕ್ಕೆ ಮಾನ್ಯತೆ ಕೊಟ್ಟರು, ಹೊರಗಿನವರ ಒತ್ತಡಕ್ಕೆ ಎರಡೇ ವರ್ಷದಲ್ಲಿ ಹಿಂದೆಗೆದರು. ಮತ್ತೆ ಮಾನ್ಯತೆ ಕೊಟ್ಟು ಕೈ ಕುಲುಕಿದ್ದು 1990ರ ದಶಕದಲ್ಲಿ. ‘ನಮ್ಮವರು’ ಅಂದುಬಿಟ್ಟೆ ನೋಡಿ, ಸೇರುವ ಮೊದಲೇ.

ನನ್ನ ಪಾಲಿಗೆ ಎಲ್ಲವೂ ಬಿಳಿ ಬಿತ್ತು. ದೀಕ್ಷೆಯ ಸಂಜೆ ಕಾರ್ಯದರ್ಶಿ ‘ನಿನ್ನ ಪುಸ್ತಕ ಯಾವುದು?’ ಅಂದರು. ಅಪ್ಪನ ಭಗವದ್ಗೀತೆ ಕೊಟ್ಟೆ, ಬೈಬಲ್ ಪಕ್ಕದಲ್ಲೇ ಇಟ್ಟರು. ಕಣ್ಣಿಗೆ ಬಟ್ಟೆ ಕಟ್ಟಿದರು. ಮುಂದಿನದನ್ನು ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ. ಕೊನೆಯಲ್ಲಿ ಸೊಂಟಕ್ಕೆ ಬಿಳಿಯ ಏಪ್ರನ್ ಕಟ್ಟಿದರು. ಕುರಿಮರಿಯ ಚರ್ಮ. ಮೊಟ್ಟೆಯನ್ನೂ ತಿನ್ನದ ಮನೆಯವನಿಗೆ ಒಂದು ಕ್ಷಣ ಮೈ ಜುಮ್ಮೆಂದಿತು. ಆಮೇಲೆ ನೆನಪಾಯಿತು: ಉಪನಯನದ ದಿನ ಜನಿವಾರಕ್ಕೆ ಕಟ್ಟಿದ ಕೃಷ್ಣಾಜಿನದ ತುಣುಕೂ ಚರ್ಮವೇ. ಅಲ್ಲೂ ಪಂಚೆ ಮುಸುಕು ಹಾಕಿ, ಕತ್ತಲು ಮಾಡಿ, ಕಿವಿಯಲ್ಲಿ ಪಿಸುಗುಟ್ಟಿದ್ದರು.

ಆ ದಿನ ನನ್ನ ಕ್ಲಾಸಿನ ಗೆಳೆಯನೊಬ್ಬ ಚಪ್ಪರದ ಆಚೆ, ಬೇವಿನ ಮರದ ಕೆಳಗೆ ನಿಂತೇ ಇದ್ದ. ಚಪ್ಪಲಿ ಹೊಲಿಯುವವರ ಮನೆಯವನು. ಯಾರೂ ಒಳಗೆ ಕರೆಯಲಿಲ್ಲ, ಎರಡು ಲಾಡು ಎಲೆಯಲ್ಲಿ ಸುತ್ತಿ ಕೊಟ್ಟರು. ಮರುದಿನ ಶಾಲೆಯಲ್ಲಿ, ‘ಕಿವೀಲಿ ಏನಂದ್ರೋ?’ ಎಂದು ಕೇಳಿದ. ‘ಹೇಳಬಾರದು’ ಅಂದೆ. ಎಂಟು ವರ್ಷದ ಹುಡುಗನಿಗೆ ಎಂಥ ಜಂಬ! ದೀಕ್ಷೆಯ ರಾತ್ರಿ ಮನೆಗೆ ಬಂದಾಗ ಹೆಂಡತಿ ಅದೇ ಪ್ರಶ್ನೆ ಕೇಳಿದಳು. ಬಾಯಿಗೆ ಬಂದದ್ದೂ ಅದೇ ಉತ್ತರ. ಜಂಬ ಮಾತ್ರ ಬರಲಿಲ್ಲ.

ಒಂದು ಭಾನುವಾರ ಕಾಪ್ಸ್ ಹಿಲ್ ಸ್ಮಶಾನಕ್ಕೆ ಹೋಗಿ ಪ್ರಿನ್ಸ್ ಹಾಲ್‌ನ ಗೋರಿ ಹುಡುಕಿದೆ. ಗಾಳಿ ವಿಪರೀತ ಇತ್ತು, ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ದೀಕ್ಷೆಯ ಮೂರನೇ ಹಂತವಾದ ಮೂರನೇ ಪದವಿ ಮುಗಿದ ಮೇಲೆ ನನಗೂ ಮತ ಬಂತು. ಹೈಟಿಯಿಂದ ಬಂದ ಬಸ್ ಚಾಲಕನೊಬ್ಬನ ಅರ್ಜಿ. ಅವನ ಮನೆಗೆ ಹೋಗಿಬಂದವರು ಅಲ್ಲಿನ ಅನ್ನ-ಕಾಳನ್ನು ಹೊಗಳುತ್ತಿದ್ದರು. ಸಾಲಿನಲ್ಲಿ ನಿಂತು ಪೆಟ್ಟಿಗೆಯ ಬಳಿ ಬಂದೆ. ಒಳಗೆ ಕಾಣುವುದಿಲ್ಲ, ಕಾಣುವ ಅಗತ್ಯವೂ ಇಲ್ಲ. ಗುಂಡಿಗೆ ಮೂಲೆಯಿಲ್ಲ, ಘನಕ್ಕಿದೆ, ಬೆರಳಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಇನ್ನೊಮ್ಮೆ ಸವರಿ ನೋಡಿ ಬೀಳಿಸಿದೆ. ಟಕ್ ಎಂದಿತು. ನನ್ನ ಹಿಂದೆ ಸಾಲು ಇನ್ನೂ ಉದ್ದವಿತ್ತು.