ಓಕಿನಾವಾದ ಕರಾಟೆ ಗುರುಗಳ ಫೋಟೊ: ತಾಲೀಮು ಬಳ್ಳಾರಿಯ ಗರಡಿಯಲ್ಲೇ ಶುರುವಾಗಲಿ

ಕರಾಟೆ ಫೋಟೊ ಅಂದರೆ ನಮ್ಮ ಕಡೆ ಕಾಣುವುದು ಎರಡೇ: ಗಾಳಿಯಲ್ಲಿ ಹಾರಿ ಒದೆಯುವ ಕಾಲು, ಹೆಂಚು ಒಡೆಯುವ ಕೈ. ಕರಾಟೆ ಹುಟ್ಟಿದ ಜಪಾನಿನ ದ್ವೀಪ ಓಕಿನಾವಾದ ಹಿರಿಯ ಗುರುಗಳ ಎದುರು ಈ ಎರಡಕ್ಕೂ ಕೆಲಸವಿಲ್ಲ. ಎಪ್ಪತ್ತು ದಾಟಿದವರು ಹಾರುವುದಿಲ್ಲ, ಹೆಂಚು ಒಡೆದು ತೋರಿಸುವ ಅಗತ್ಯವೂ ಅವರಿಗಿಲ್ಲ. ಅವರ ವಿದ್ಯೆ ಕಾಲ್ಬೆರಳು ನೆಲ ಹಿಡಿಯುವ ರೀತಿಯಲ್ಲಿದೆ, ಉಸಿರು ಬಿಡುವಾಗ ಬಿಗಿಯುವ ಕಂಕುಳ ಕೆಳಗಿನ ಸ್ನಾಯುವಿನಲ್ಲಿದೆ, ಗುದ್ದು ಮುಗಿದ ಮೇಲೂ ಕದಲದ ಸೊಂಟದಲ್ಲಿದೆ. ಅದನ್ನು ಹಿಡಿಯಬೇಕಾದರೆ ಕ್ಯಾಮೆರಾಗಿಂತ ಮೊದಲು ಕಣ್ಣು ಪಳಗಬೇಕು. ಆ ಅಭ್ಯಾಸಕ್ಕೆ ಬಳ್ಳಾರಿ, ಕೊಪ್ಪಳ, ರಾಯಚೂರಿನವರು ವಿಮಾನ ಹತ್ತಬೇಕಿಲ್ಲ, ಓಣಿಯ ಗರಡಿಮನೆ ಸಾಕು.

ಗರಡಿಗೂ ಓಕಿನಾವಾದ ಕರಾಟೆ ಶಾಲೆಯಾದ ದೋಜೊಗೂ ಫೋಟೊ ತೆಗೆಯುವವರ ಮಟ್ಟಿಗೆ ಬಹಳ ಸಾಮ್ಯವಿದೆ. ಎರಡೂ ಸಣ್ಣ ಜಾಗ, ಬೆಳಕು ಕಡಿಮೆ. ಎರಡರಲ್ಲೂ ಗುರುವಿನ ಮಾತೇ ಕೊನೆ. ನಮ್ಮಲ್ಲಿ ಗದೆ, ಕಲ್ಲುಗುಂಡು, ಸಂಗ್ರಾಣಿ ಕಲ್ಲು ಇದ್ದರೆ ಅಲ್ಲಿ ಚಿ-ಇಶಿ, ನಿಗಿರಿ-ಗಮೆ, ಮಕಿವಾರ. ಚಿ-ಇಶಿ ಅಂದರೆ ಮರದ ಹಿಡಿಯ ತುದಿಗೆ ಕಲ್ಲನ್ನೋ ಕಾಂಕ್ರೀಟಿನ ಗಟ್ಟಿಯನ್ನೋ ಕೂರಿಸಿದ್ದು, ಮಣಿಕಟ್ಟು ಮತ್ತು ಭುಜಕ್ಕೆ. ನಿಗಿರಿ-ಗಮೆ ಬಾಯಿ ಅಂಚನ್ನು ಬೆರಳಿಂದ ಕವುಚಿ ಹಿಡಿದು ನಡೆಯುವ ಗಡಿಗೆ. ಶಕ್ತಿ ಬಂದಂತೆ ಅದಕ್ಕೆ ಮರಳು ತುಂಬುತ್ತ ಹೋಗುತ್ತಾರೆ. ಮಕಿವಾರ ಗುದ್ದುವ ಹಲಗೆ. ಬುಡ ದಪ್ಪ, ತುದಿ ತೆಳು, ಹಾಗಾಗಿ ಗುದ್ದಿದಾಗ ಬಾಗಿ ವಾಪಸು ಬರುತ್ತದೆ. ಹಿಂದೆ ತುದಿಗೆ ಭತ್ತದ ಹುಲ್ಲಿನ ಹಗ್ಗ ಸುತ್ತುತ್ತಿದ್ದರು.

ಗರಡಿಯಲ್ಲಿ ಮೊದಲ ಕೆಲಸ ಉಸ್ತಾದರ ಒಪ್ಪಿಗೆ. ಚಪ್ಪಲಿ ಹೊರಗೆ. ಕಣದ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು, ಹನುಮಪ್ಪನಿಗೆ ಕೈ ಮುಗಿದು, ಮೂಲೆಯಲ್ಲಿ ಕೂತುಬಿಡಿ. ಕೆಲವು ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ, ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮುಂಜಾನೆ ದಂಡ, ಬಸ್ಕಿ ನಡೆಯುವಾಗ ಬಾಗಿಲ ಬೆಳಕೊಂದೇ ಇರುತ್ತದೆ. ಆ ಬೆಳಕು ಪೈಲ್ವಾನರ ಮೇಲೆ ಪಕ್ಕದಿಂದ ಬೀಳುವಂತೆ ಜಾಗ ಹಿಡಿಯಿರಿ. ಬೆನ್ನಿಗೆ ಬಾಗಿಲು ಇಟ್ಟುಕೊಂಡು ತೆಗೆದರೆ ಕೆಂಪು ಮಣ್ಣು, ಮಣ್ಣು ಮೆತ್ತಿದ ಮೈ ಎರಡೂ ಒಂದೇ ಬಣ್ಣದ ಮುದ್ದೆಯಾಗಿ ಕೂಡಿಕೊಳ್ಳುತ್ತವೆ. ಪಕ್ಕದ ಬೆಳಕಿನಲ್ಲಿ ಭುಜದ ಅಂಚು ಹೊಳೆದು ಮೈ ಮಣ್ಣಿನಿಂದ ಬೇರೆಯಾಗುತ್ತದೆ. ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಆ ಕೆಂಪನ್ನು ದೋಷವೆಂದು ತಿಳಿದು ತಣ್ಣಗಾಗಿಸುತ್ತದೆ, ಮಣ್ಣು ಸಿಮೆಂಟಿನಂತೆ ಕಾಣುತ್ತದೆ. ಹಗಲಿನ ಸೆಟ್ಟಿಂಗ್, ಸುಮಾರು 5200 ಕೆಲ್ವಿನ್, ಗಟ್ಟಿಯಾಗಿ ಹಾಕಿಡಿ. ಲೆನ್ಸ್ ಬದಲಾಯಿಸುವುದಿದ್ದರೆ ಹೊರಗೆ ಬನ್ನಿ. ಕುಸ್ತಿಯ ಮಣ್ಣು ಬಹಳ ನುಣ್ಣಗಿರುತ್ತದೆ, ಝೂಮ್ ಲೆನ್ಸಿನ ಕೊಳವೆಯೊಳಗೆ ಹೊಕ್ಕರೆ ತಿರುಗಿಸುವಾಗ ಕರಕರ ಅನ್ನುತ್ತದೆ. ಮೊದಲು ಬ್ಲೋವರ್, ಆಮೇಲೆ ಬಟ್ಟೆ. ಈ ಕ್ರಮ ತಪ್ಪಿದರೆ ಗಾಜಿಗೆ ಗೀರು.

ಇಲ್ಲಿ ಕಲಿತದ್ದರಲ್ಲಿ ಒಂದು ಮಾತ್ರ ಅಲ್ಲಿ ಹಾಗೇ ನಡೆಯುವುದಿಲ್ಲ: ಟ್ಯೂಬ್‌ಲೈಟಿನ ಲೆಕ್ಕ. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಹಳೆಯ ಚೋಕಿನ ಟ್ಯೂಬು, ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಉರಿಯುತ್ತವೆ. ಶಟರ್ 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪ್ರತಿ ಫೋಟೊಗೂ ಒಂದೇ ಅಳತೆಯ ಬೆಳಕು ಸಿಗುತ್ತದೆ. ಜಪಾನಿನ ಪೂರ್ವ ಭಾಗದಲ್ಲಿ, ಟೋಕಿಯೊ ಸೇರಿ, 50 ಹರ್ಟ್ಜ್. ಪಶ್ಚಿಮ ಭಾಗ ಮತ್ತು ಓಕಿನಾವಾದಲ್ಲಿ 60. ಅಲ್ಲಿ ದೀಪ ಸೆಕೆಂಡಿಗೆ 120 ಸಲ ಮಿಡಿಯುತ್ತದೆ, 1/60 ಮತ್ತು 1/125 ಸರಿಹೋಗುತ್ತವೆ. ಬಳ್ಳಾರಿಯ ರೂಢಿಯಲ್ಲಿ 1/100 ಇಟ್ಟುಕೊಂಡು ಹೋದವರಿಗೆ ಸಾಲಾಗಿ ತೆಗೆದ ಫೋಟೊಗಳಲ್ಲಿ ಒಂದು ಬೆಳ್ಳಗೆ, ಇನ್ನೊಂದು ಹಳದಿ ತಿರುಗಿ ಬರಬಹುದು. ಗುದ್ದು, ಒದೆಗೆ 1/500 ಬೇಕೇ ಬೇಕು. ಆಗ ಕ್ಯಾಮೆರಾದ ಆಂಟಿ-ಫ್ಲಿಕರ್ ಆನ್ ಮಾಡಿ. ಅದು ದೀಪದ ಬೆಳಕು ಏರಿದ ಕ್ಷಣಕ್ಕೆ ಕಾದು ಶಟರ್ ಬಿಡುತ್ತದೆ. ಬಟನ್ ಒತ್ತಿದ್ದಕ್ಕೂ ಫೋಟೊಗೂ ನಡುವೆ ಕೂದಲೆಳೆಯ ತಡ ಬರುತ್ತದೆ, ಅದನ್ನು ಬೆರಳಿಗೆ ರೂಢಿ ಮಾಡಿಸಬೇಕು.

ಓಕಿನಾವಾದ ದೋಜೊ ಅನೇಕ ಕಡೆ ಗುರುಗಳ ಮನೆಗೇ ಅಂಟಿಕೊಂಡಿರುತ್ತದೆ ಅಥವಾ ಮನೆಯ ಕೆಳಮಹಡಿಯಲ್ಲೇ ಇರುತ್ತದೆ. ಮರದ ನೆಲ, ಒಂದು ಗೋಡೆಗೆ ಕನ್ನಡಿ, ಮುಂದಿನ ಗೋಡೆಯಲ್ಲಿ ಹಿಂದಿನ ಗುರುಗಳ ಭಾವಚಿತ್ರ. ಆ ಮುಂದಿನ ಗೋಡೆಗೆ ಶೋಮೆನ್ ಎನ್ನುತ್ತಾರೆ. ಅದಕ್ಕೆ ಬೆನ್ನು ಹಾಕಿ ಕೂರಬೇಡಿ, ಗುರುಗಳಿಗೂ ಅದಕ್ಕೂ ನಡುವೆ ಹಾಯಬೇಡಿ. ಫ್ಲ್ಯಾಶ್ ಬೇಡವೇ ಬೇಡ. ಸಂಜೆಯ ಪಾಠದಲ್ಲಿ ಲೆನ್ಸಿನ ಕಂಡಿ (ಅಪರ್ಚರ್) ಎಫ್/2.8, ಶಟರ್ 1/500 ಇದ್ದರೆ ಐಎಸ್ಒ, ಅಂದರೆ ಸೆನ್ಸರಿನ ಬೆಳಕಿನ ಸೂಕ್ಷ್ಮತೆ, 6400 ಮುಟ್ಟುವುದು ಸಾಮಾನ್ಯ. ಸ್ವಲ್ಪ ಕಾಳುಕಾಳಾಗಿ ಬಂದರೂ ಪರವಾಗಿಲ್ಲ, ಕಣ್ಣು ಅಲುಗಿದ ಫೋಟೊ ಮಾತ್ರ ಯಾವ ಕೆಲಸಕ್ಕೂ ಬಾರದು. ಕರಾಟೆಯ ಬಿಳಿ ಉಡುಪಾದ ಗಿ ತೊಟ್ಟವರು ಫ್ರೇಮಿನ ತುಂಬ ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರು ಮೋಸಹೋಗಿ ಬಿಳಿಯನ್ನು ಬೂದು ಮಾಡುತ್ತದೆ. ಕತ್ತಲ ಗೋಡೆಯ ಮುಂದೆ ಒಬ್ಬರೇ ಸಣ್ಣಗೆ ನಿಂತಿದ್ದರೆ ತಿರುಗುಮುರುಗು, ಗಿಯ ಮಡಿಕೆಗಳೆಲ್ಲ ಸುಟ್ಟು ಬರಿ ಬಿಳಿ ಉಳಿಯುತ್ತದೆ. ಮ್ಯಾನುಯಲ್‌ನಲ್ಲಿ ಗಿಯ ಭುಜವನ್ನೇ ಅಳತೆ ಮಾಡಿ, ಅಲ್ಲಿನ ನೆಯ್ಗೆ ಕಾಣುವಷ್ಟಕ್ಕೆ ಬೆಳಕು ನಿಲ್ಲಿಸಿ, ಕ್ಯಾಮೆರಾ ತಿದ್ದದ ರಾ ಫೈಲಿನಲ್ಲಿ ತೆಗೆಯಿರಿ.

ಈಗ ಮುಖ್ಯ ವಿಷಯ, ಕಟಾ, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಹೊಡೆತ, ತಡೆಗಳ ಸರಣಿ. ಒಂದೊಂದು ಕಟಾಗೂ ಕೂರುವ ಜಾಗ ಬೇರೆ. ಎಲ್ಲದಕ್ಕೂ ಒಂದೇ ಮೂಲೆ ಹಿಡಿದು ಕೂತವರ ಫೋಟೊಗಳೆಲ್ಲ ಒಂದೇ ಥರ ಬರುತ್ತವೆ.

ಓಕಿನಾವಾದ ರಾಜಧಾನಿ ನಾಹಾ ಕಡೆಯ ಗೋಜು-ರ್ಯೂ ಪದ್ಧತಿಗೆ ಸಾಂಚಿನ್ ಎಂಬ ಕಟಾ ಬುನಾದಿ. ಆ ಪದ್ಧತಿಯನ್ನು ಕಟ್ಟಿದವರು ಮಿಯಾಗಿ ಚೋಜುನ್ (1888–1953). ಸಾಂಚಿನ್‌ನಲ್ಲಿ ಹೆಜ್ಜೆ ನಿಧಾನ, ಉಸಿರು ದೀರ್ಘ. ಮುಂದಿನ ಪಾದದ ಹಿಮ್ಮಡಿ ಹಿಂದಿನ ಪಾದದ ಬೆರಳಿನ ಸಾಲಿಗೆ ಬರುತ್ತದೆ, ಪಾದಗಳು ತುಸು ಒಳಕ್ಕೆ ತಿರುಗುತ್ತವೆ, ಬೆರಳು ನೆಲವನ್ನು ಕಚ್ಚುತ್ತವೆ. ಫೋಟೊದಲ್ಲಿ ಪಾದ ಕತ್ತರಿಸಿಹೋದರೆ ಸಾಂಚಿನ್ ಹೋಯಿತು ಅಂತಲೇ ಲೆಕ್ಕ. ಮಂಡಿಯೂರಿ, ಕ್ಯಾಮೆರಾವನ್ನು ಸೊಂಟದ ಪಟ್ಟಿಯ ಎತ್ತರಕ್ಕೆ ತಂದು, ಎದುರಿನಿಂದ 45 ಡಿಗ್ರಿ ಓರೆಯಲ್ಲಿ ಕೂತುಕೊಳ್ಳಿ. ನಿಂತು ತೆಗೆದರೆ ಕಾಲು ಗಿಡ್ಡ, ತಲೆ ದಪ್ಪ. ಇಲ್ಲಿ ವೇಗ ಇಲ್ಲವಾದ್ದರಿಂದ 1/125 ಸಾಕು, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಬಹುದು. ಉಸಿರಿನ ಸದ್ದು ಕೇಳುತ್ತಿರುವ ಕೋಣೆಯಲ್ಲಿ ಕ್ಲಿಕ್ ಸದ್ದು ಎಲ್ಲರಿಗೂ ಚುಚ್ಚುತ್ತದೆ. ಕೆಲವೊಮ್ಮೆ ಗುರುಗಳು ಶಿಷ್ಯನ ಭುಜ, ತೊಡೆಯ ಮೇಲೆ ಅಂಗೈಯಿಂದ ಬಡಿದು ಬಿಗಿ ಪರೀಕ್ಷಿಸುತ್ತಾರೆ, ಅದಕ್ಕೆ ಶಿಮೆ ಎಂದು ಹೆಸರು. ಆಗ ಶಿಷ್ಯನ ಮುಖ ಬಿಟ್ಟು ಗುರುವಿನ ಕಣ್ಣಿಗೆ ಫೋಕಸ್ ಮಾಡಿ. ಅವರು ಏನು ಹುಡುಕುತ್ತಿದ್ದಾರೆ ಎಂಬುದು ಅಲ್ಲಿ ಬರೆದಿಟ್ಟಂತೆ ಕಾಣುತ್ತದೆ. ಉಯೆಚಿ-ರ್ಯೂ ಎಂಬ ಇನ್ನೊಂದು ಪದ್ಧತಿಯವರೂ ಸಾಂಚಿನ್ ಮಾಡುತ್ತಾರೆ, ಆದರೆ ಮುಷ್ಟಿ ಕಟ್ಟದೆ ತೆರೆದ ಕೈಯಲ್ಲಿ. ಹಾಗಾಗಿ ಅವರ ಬೆರಳ ತುದಿಗಳು ಫ್ರೇಮಿನೊಳಗೆ ಇರಲೇಬೇಕು.

ಹಳೆಯ ಅರಮನೆಯ ಊರಾದ ಶುರಿ ಕಡೆಯ ಕಟಾ ನೈಹಾಂಚಿ ಬೇರೆಯೇ ಸ್ವಭಾವದ್ದು. ಅದರ ನಡೆ ಪೂರ್ತಿ ಎಡ-ಬಲ, ಒಂದೇ ಗೆರೆಯ ಮೇಲೆ. ನೇರ ಎದುರು ಕೂತರೆ ಫೋಕಸಿನ ದೂರ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಕಲಿಯುವವರಿಗೆ ಇದರಷ್ಟು ಅನುಕೂಲದ ಕಟಾ ಇನ್ನೊಂದಿಲ್ಲ. ಬದಿಯಲ್ಲಿ ಕೂತರೆ ಗುರುಗಳು ಲೆನ್ಸಿನತ್ತ ಬರುತ್ತ ಹೋಗುತ್ತ ಇರುತ್ತಾರೆ, ಅರ್ಧ ಫೋಟೊ ಮಸುಕು.

ಮುಷ್ಟಿ ಕ್ಯಾಮೆರಾದತ್ತ ಬರುವ ಫೋಟೊ ಎಲ್ಲರಿಗೂ ಆಸೆ. ಅದರ ಲೆಕ್ಕ ಹೀಗಿದೆ: ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸ್, ಎಫ್/2, ಮೂರು ಮೀಟರ್ ದೂರ ಎಂದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 15 ಸೆಂ.ಮೀ. ಮಾತ್ರ. ಚಾಚಿದ ಮುಷ್ಟಿಗೂ ಕಣ್ಣಿಗೂ ಅದರ ಮೂರು ನಾಲ್ಕು ಪಟ್ಟು ಅಂತರವಿರುತ್ತದೆ. ಎರಡರಲ್ಲಿ ಒಂದು ಹೋಗುತ್ತದೆ. ಬದಿಗೆ ಸರಿದು ಮುಷ್ಟಿ, ಮುಖ ಎರಡೂ ಕ್ಯಾಮೆರಾದಿಂದ ಸಮ ದೂರಕ್ಕೆ ಬರುವಂತೆ ಮಾಡಿಕೊಂಡರೆ ತಾಪತ್ರಯವಿಲ್ಲ. ಸೆಕೆಂಡಿಗೆ ಹತ್ತು ಫ್ರೇಮ್ ಬರ್ಸ್ಟ್ ನಂಬಿ ಬೆರಳು ಒತ್ತಿಹಿಡಿಯುವುದರಿಂದಲೂ ಲಾಭ ಕಡಿಮೆ. ಒಂದು ಗುದ್ದಿಗೆ ಒಂದೆರಡು ಫ್ರೇಮ್ ಸಿಕ್ಕಾವು, ಎರಡೂ ಅರ್ಧದಾರಿಯವು. ತೋಳು ಬೀಸಿದ ಸದ್ದು ಕೇಳಿ ಒತ್ತಿದರೆ ಆಗಲೇ ತಡ. ಸೊಂಟ ತಿರುಗಲು ಶುರುವಾದದ್ದೇ ಸೂಚನೆ. ಕುಸ್ತಿಯಲ್ಲೂ ಪಟ್ಟು ಬೀಳುವ ಮುನ್ನ ಸೊಂಟ ತಗ್ಗುತ್ತದೆ. ಗರಡಿಯಲ್ಲಿ ಪೈಲ್ವಾನರ ಕೈ ಬಿಟ್ಟು ಸೊಂಟ ನೋಡುವ ಅಭ್ಯಾಸ ಮಾಡಿದವರಿಗೆ ದೋಜೊದಲ್ಲಿ ಇದು ತಾನಾಗಿ ಬರುತ್ತದೆ.

ಆಯುಧದ ವಿದ್ಯೆ, ಕೊಬುದೊ, ತೆಗೆಯುವಾಗ ದೂರ ಮುಖ್ಯ. ಬೊ ಎಂಬ ಕೋಲು ಸುಮಾರು 180 ಸೆಂ.ಮೀ. ಉದ್ದ, ಕೈ ಜಾರಿಸಿ ಹೊಡೆದಾಗ ಇನ್ನೂ ಮುಂದಕ್ಕೆ ತಲುಪುತ್ತದೆ. ನಾಲ್ಕು ಮೀಟರಿಗಿಂತ ಹತ್ತಿರ ಹೋಗಬೇಡಿ. ಇಲ್ಲಿ ಎಲೆಕ್ಟ್ರಾನಿಕ್ ಶಟರ್ ಕೂಡದು. ಸೆನ್ಸರು ಸಾಲುಸಾಲಾಗಿ ಓದುವಷ್ಟರಲ್ಲಿ ಕೋಲು ಮುಂದೆ ಸರಿದಿರುತ್ತದೆ, ನೆಟ್ಟಗಿನ ಕೋಲು ಫೋಟೊದಲ್ಲಿ ಬಿಲ್ಲಾಗುತ್ತದೆ. ಮೆಕ್ಯಾನಿಕಲ್ ಶಟರ್, 1/1000. ಎಕು ಅಂದರೆ ದೋಣಿಯ ಹುಟ್ಟು, ಅದೂ ಆಯುಧವೇ. ತ್ಸುಕೆನ್ ದ್ವೀಪದ ಹೆಸರು ಹೊತ್ತ ಎಕು ಕಟಾದಲ್ಲಿ ಹುಟ್ಟಿನ ತುದಿಯಿಂದ ಎದುರಾಳಿಯ ಕಣ್ಣಿಗೆ ಮರಳು ಎರಚುವ ನಡೆಯಿದೆ. ದೋಜೊದ ಮರದ ನೆಲದ ಮೇಲೆ ಅದರ ಅರ್ಥವೇ ಆಗುವುದಿಲ್ಲ. ಗುರುಗಳು ಒಪ್ಪಿದರೆ ಕಡಲ ದಂಡೆಯಲ್ಲಿ, ಇಳಿಬಿಸಿಲು ಹಿಂದಿನಿಂದ ಬೀಳುವಾಗ ತೆಗೆಯಿರಿ, ಮರಳಿನ ಕಣಕಣ ಹೊಳೆಯುತ್ತದೆ. ಹುಟ್ಟು ಹಿಡಿದ ಕೈಯ ಅಭ್ಯಾಸಕ್ಕೆ ಆನೆಗೊಂದಿಯಲ್ಲಿ ತುಂಗಭದ್ರೆಯ ಹರಿಗೋಲು ನಡೆಸುವವರಿದ್ದಾರೆ. ಹರಿಗೋಲು ತಿರುಗದಂತೆ ತಡೆಯುವಾಗ ಅವರ ಮುಂಗೈ ಬಿಗಿಯುವುದನ್ನು ಹತ್ತಿರದಿಂದ ಗಮನಿಸಿ.

ಕೈಗಳ ಬಗ್ಗೆ ಒಂದು ಮಾತು. ಮಕಿವಾರಕ್ಕೆ ದಶಕಗಟ್ಟಲೆ ಗುದ್ದಿದ ಗುರುಗಳ ತೋರುಬೆರಳು, ನಡುಬೆರಳಿನ ಗೆಣ್ಣುಗಳು ದಪ್ಪಗಟ್ಟಿರುತ್ತವೆ. ಪಾಠ ಮುಗಿದು ಚಹಾ ಬಂದಾಗ ಅದೇ ಕೈ ಹಿಡಿಯಿಲ್ಲದ ಪುಟ್ಟ ಬಟ್ಟಲನ್ನು ಎರಡೂ ಬದಿಯಿಂದ ಮೆತ್ತಗೆ ಹಿಡಿಯುತ್ತದೆ. ಕಿಟಕಿಯ ಪಕ್ಕ, 50 ಎಂಎಂ, ಎಫ್/4, ಬೆಳಕು ಚರ್ಮವನ್ನು ಸವರಿಕೊಂಡು ಹೋಗುವಂತೆ. ಗುರುಗಳ ಫೋಟೊಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯದ್ದು ಇದು, ಹಾರುವ ಒದೆಗಿಂತ ನೂರು ಪಾಲು.

ಇಂಥ ಫೋಟೊಗಳಿಗೆ ಯಾಕಿಷ್ಟು ಬೆಲೆ ಎಂದರೆ, ಹಳೆಯವು ಬಹಳ ಉಳಿದಿಲ್ಲ. 1936ರ ಅಕ್ಟೋಬರ್ 25ರಂದು ನಾಹಾದಲ್ಲಿ ಮಿಯಾಗಿ ಚೋಜುನ್, ಕ್ಯಾನ್ ಚೋತೊಕು, ಮೊತೊಬು ಚೋಕಿ ಮೊದಲಾದವರು ಸಭೆ ಸೇರಿದರು. ‘ಕರಾಟೆ’ಯನ್ನು ‘ಬರಿಗೈ’ ಎಂಬ ಅರ್ಥದ ಅಕ್ಷರಗಳಲ್ಲಿ ಬರೆಯುವ ರೂಢಿ ಗಟ್ಟಿಯಾದದ್ದು ಅಲ್ಲಿ. ಒಂಬತ್ತು ವರ್ಷಕ್ಕೆ, 1945ರಲ್ಲಿ, ಯುದ್ಧ ದ್ವೀಪದ ಮೇಲೇ ನಡೆಯಿತು. ಜನ, ಮನೆ, ಕಾಗದಪತ್ರ ಅಪಾರವಾಗಿ ಹೋದವು, ಶುರಿ ಅರಮನೆ ನಾಶವಾಯಿತು. 1992ರಲ್ಲಿ ಮತ್ತೆ ಕಟ್ಟಿ ತೆರೆದ ಆ ಅರಮನೆಯ ಮುಖ್ಯ ಕಟ್ಟಡ 2019ರ ಅಕ್ಟೋಬರಿನಲ್ಲಿ ಮತ್ತೆ ಬೆಂಕಿಗೆ ಸಿಕ್ಕಿತು. ನಮ್ಮ ಗರಡಿಗಳ ಉಸ್ತಾದರ ಫೋಟೊಗಳೂ ಗೋಡೆಯ ತೇವಕ್ಕೆ ಅಂಟಿ ಹೋಗುತ್ತಿವೆ. ಅವನ್ನೂ ಕಟ್ಟಿನಿಂದ ಬಿಡಿಸಿ ಸ್ಕ್ಯಾನ್ ಮಾಡಿಡಿ.

ದಿನನಿತ್ಯದ ಬದುಕಿಗೆ ನಾಹಾದ ಮಕಿಶಿ ಮಾರುಕಟ್ಟೆ ಒಳ್ಳೆಯ ಆರಂಭ. ಹೊಸ ಕಟ್ಟಡ ತೆರೆದದ್ದು 2023ರ ಮಾರ್ಚಿನಲ್ಲಿ. ಕೆಳಗೆ ಮೀನು, ಹಂದಿ ಮಾಂಸ. ಮೀನು ಕೊಂಡು ಮೇಲಿನ ಮಹಡಿಯಲ್ಲಿ ಅಡುಗೆ ಮಾಡಿಸಿ ತಿನ್ನಬಹುದು. ಐಸಿನ ಹೊಳಪು ಮೀಟರನ್ನು ಗಿಯಂತೆಯೇ ಏಮಾರಿಸುತ್ತದೆ, ಮದ್ದೂ ಅದೇ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕ್ಯಾಮೆರಾ ಎತ್ತಿದರೆ ಜನ ತಾವಾಗಿಯೇ ನಿಂತು ‘ನಂದೊಂದು ತೆಗೀರಿ’ ಅನ್ನುತ್ತಾರೆ. ಜಪಾನಿನಲ್ಲಿ ಹಾಗಲ್ಲ. ತಮ್ಮ ಮುಖದ ಚಿತ್ರದ ಮೇಲಿನ ಹಕ್ಕನ್ನು ಜನ ಬಿಗಿಯಾಗಿ ನೋಡುತ್ತಾರೆ, ಕೋರ್ಟುಗಳೂ ಮಾನ್ಯ ಮಾಡಿವೆ. ‘ಶಾಶಿನ್ ಓ ತೊತ್ತೆಮೊ ಈ ದೆಸ್ ಕಾ’, ಅಂದರೆ ಫೋಟೊ ತೆಗೆಯಬಹುದಾ ಎಂದು ಕೇಳಿ, ತಲೆ ಬಾಗಿಸಿ. ಕೈ ಅಡ್ಡ ಆಡಿಸಿದರೆ ಕ್ಯಾಮೆರಾ ಇಳಿಸಿ.

ಕುಂಬಾರಿಕೆಗೆ ನಾಹಾದ ತ್ಸುಬೊಯಾ ಹೆಸರುವಾಸಿ. 1682ರಲ್ಲಿ, ಓಕಿನಾವಾವನ್ನು ಆಗ ಆಳುತ್ತಿದ್ದ ರ್ಯುಕ್ಯು ಅರಸೊತ್ತಿಗೆ ಭಟ್ಟಿಗಳನ್ನು ಒಟ್ಟುಗೂಡಿಸಿದ ಜಾಗ ಅದು. ಆದರೆ ಊರು ಬೆಳೆದು ಹೊಗೆಯ ತಕರಾರು ಬಂದಾಗ ಸೌದೆಯ ಭಟ್ಟಿಗಳು ಯೊಮಿತಾನ್‌ಗೆ ಹೋದವು. ಬೆಂಕಿ ಬೇಕಿದ್ದವರು ಅಲ್ಲಿಗೇ ಹೋಗಬೇಕು. ಬಿಸೆ ಹಳ್ಳಿಯ ಫುಕುಗಿ ಮರಗಳ ಸಾಲು, ಹೆಂಚಿನ ಮೇಲೆ ಕೂತ ಶಿಸಾ ಎಂಬ ಕಾವಲು ಸಿಂಹದ ಗೊಂಬೆಗಳು, ಹವಳಕಲ್ಲಿನ ಗೋಡೆಗಳು ಬೆಳಗ್ಗೆ ಚೆನ್ನ. ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಬಳ್ಳಾರಿಯವರಿಗೆ ಹೇಳಿಕೊಡಬೇಕಾದದ್ದೇನಿಲ್ಲ.

ಬಿಸಿಲು ಒಂದೇ ಆದರೂ ಗಾಳಿ ಬೇರೆ. ನಮ್ಮಲ್ಲಿ ದೂಳು, ಅಲ್ಲಿ ಉಪ್ಪು ಮತ್ತು ತೇವ. ಎಸಿ ಕೋಣೆಯಿಂದ ಹೊರಬಂದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಹೊರಡುವ ಅರ್ಧ ಗಂಟೆ ಮೊದಲು ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಹೊರಗಿಡಿ, ಒಳಗಿದ್ದದ್ದು ಬೆಚ್ಚಗಾದ ಮೇಲೆ ತೆರೆಯಿರಿ. ಕಡಲ ದಂಡೆಯಿಂದ ಬಂದ ರಾತ್ರಿ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾ ಬಾಡಿ ಒರೆಸಿ, ಆಮೇಲೆ ಒಣ ಬಟ್ಟೆ. ಕರೆಂಟು 100 ವೋಲ್ಟ್. ಈಗಿನ ಚಾರ್ಜರುಗಳ ಮೇಲೆ 100–240 ಎಂದು ಇರುತ್ತದೆ, ತೊಂದರೆಯಿಲ್ಲ, ಆದರೆ ನಮ್ಮ ದುಂಡು ಪಿನ್ನು ಅಲ್ಲಿ ಹೊಗುವುದಿಲ್ಲ, ಚಪ್ಪಟೆ ಎರಡು ಪಿನ್ನಿನ ಅಡಾಪ್ಟರ್ ಬೇಕು. ಮೇ–ಜೂನ್ ಮಳೆ, ಆಗಸ್ಟ್–ಸೆಪ್ಟೆಂಬರ್ ಚಂಡಮಾರುತದ ಕಾಟ. ಅಕ್ಟೋಬರ್ ಕೊನೆ ಒಳ್ಳೆಯ ಕಾಲ. 25ನೇ ತಾರೀಖು ಅಲ್ಲಿ ಕರಾಟೆ ದಿನ, ಆಸುಪಾಸಿನಲ್ಲಿ ಸಾಮೂಹಿಕ ಕಟಾ ಪ್ರದರ್ಶನಗಳು ನಡೆಯುತ್ತವೆ.

ದೋಜೊ ಬಾಗಿಲು ತಟ್ಟುವ ಮುನ್ನ ಪತ್ರ ಬರೆಯಬೇಕು. ತೊಮಿಗುಸುಕು ಊರಿನಲ್ಲಿ 2017ರಲ್ಲಿ ತೆರೆದ ಕರಾಟೆ ಭವನವಾದ ಓಕಿನಾವಾ ಕರಾಟೆ ಕೈಕಾನ್‌ನಲ್ಲಿ ಹೊರದೇಶದವರಿಗಾಗಿ ಮಾಹಿತಿ ಕೇಂದ್ರವಿದೆ. ಯಾವ ಪದ್ಧತಿ, ಎಷ್ಟು ದಿನ, ಫೋಟೊ ಎಲ್ಲಿ ಹಾಕುತ್ತೀರಿ ಎಂಬುದನ್ನು ಬಿಡಿಸಿ ಬರೆಯಿರಿ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ.

ಊರಿಗೆ ಬಂದ ಮೇಲೆ ಶೀರ್ಷಿಕೆ ಬರೆಯುವಾಗ ಮನೆತನದ ಹೆಸರು ಮೊದಲು, ಆಮೇಲೆ ಅವರ ಹೆಸರು, ಪದ್ಧತಿ, ಕಟಾ. ಗೋಜು-ರ್ಯೂ ಗುರುಗಳ ಫೋಟೊ ಕೆಳಗೆ ಶೋರಿನ್-ರ್ಯೂ ಎಂಬ ಬೇರೆ ಪದ್ಧತಿಯ ಹೆಸರು ಬರೆದರೆ ಅವರ ಗುರುಪರಂಪರೆಯನ್ನೇ ಅಳಿಸಿದಂತೆ. ಗೊತ್ತಿಲ್ಲದ್ದನ್ನು ಕೇಳಿ ಬರೆಯಿರಿ. ಆಯ್ದ ಐದಾರು ಫೋಟೊಗಳನ್ನು ಮ್ಯಾಟ್ ಕಾಗದದ ಮೇಲೆ 8×12 ಇಂಚಿಗೆ ಪ್ರಿಂಟ್ ಹಾಕಿಸಿ, ಎರಡು ರಟ್ಟಿನ ನಡುವೆ ಇಟ್ಟು ಪ್ಲಾಸ್ಟಿಕ್ ಸುತ್ತಿ ಅಂಚೆಗೆ ಹಾಕಿ. ಹೊಳಪಿನ ಕಾಗದ ಅಲ್ಲಿನ ತೇವಕ್ಕೆ ಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ.