ಐದಕ್ಕೆ ಐದೂ ಕಾಯುತ್ತಾ ನಿಂತಿದ್ದವು

ಜುಲೈ ತಿಂಗಳ ಒಂದು ಸೋಮವಾರ. ಉಡುಪಿಯಲ್ಲಿ ರಾತ್ರಿ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಎಂಟೂಕಾಲಿಗೆ ಕ್ಲಿನಿಕ್ಕಿನ ರಿಸೆಪ್ಷನ್‌ನ ಅಕ್ಕನ ಫೋನ್ ಬಂತು. "ಎಂತ ಮಾರಾಯ್ರೆ, ಟೋಕನ್ ಪೇಜ್ ಓಪನ್ನೇ ಆಗುವುದಿಲ್ಲ. ಸುತ್ತುತ್ತಾ ಉಂಟು. ಮಳೆಗೆ ನೆಟ್ ಹೋಯಿತಾ?"

ಆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ದಿನಾ ಬೆಳಿಗ್ಗೆ ಎಂಟಕ್ಕೆ ಟೋಕನ್ ಶುರು. ಹೆಬ್ರಿ, ಕಾರ್ಕಳ, ಬೈಂದೂರು ಕಡೆಯವರು ನಂಬರ್ ಸಿಕ್ಕ ಮೇಲೆಯೇ ಬಸ್ ಹತ್ತುತ್ತಾರೆ. ಹೆಚ್ಚಿನವರು ವಯಸ್ಸಾದವರು. ಈ ಮಳೆಯಲ್ಲಿ ಅವರು ಬಂದು ಸುಮ್ನೆ ವಾಪಸ್ ಹೋಗಬಾರದು ಅಂತಲೇ ಅದನ್ನು ಮಾಡಿದ್ದು. ಕಾಫಿ ಅಲ್ಲೇ ಬಿಟ್ಟು ಲ್ಯಾಪ್‌ಟಾಪ್ ತೆರೆದೆ.

ಸರ್ವರ್ ಇರುವುದು ಮುಂಬೈಯಲ್ಲಿ, ನಮ್ಮ ಮಳೆಗೂ ಅದಕ್ಕೂ ಸಂಬಂಧ ಇಲ್ಲ. ಪಿಂಗ್ ಮಾಡಿ, ಅಂದರೆ ಇದ್ದೀಯಾ ಅಂತ ಕೂಗಿ ನೋಡಿದರೆ ಉತ್ತರ ಬಂತು. ದೂರದಿಂದಲೇ ಸರ್ವರ್‌ಗೆ ಹೋಗುವ ಎಸ್‌ಎಸ್‌ಎಚ್‌ನಲ್ಲಿ ತಕ್ಷಣ ಒಳಗೆ ಬಿಟ್ಟಿತು. ಸಿಪಿಯು ಖಾಲಿ ಕೂತಿದೆ, ಮೆಮೊರಿ ಬೇಕಾದಷ್ಟಿದೆ, ಡಿಸ್ಕ್ ತುಂಬಿಲ್ಲ. ಆದರೂ ಪೇಜ್ ಒಂದು ನಿಮಿಷ ಸುತ್ತಿ, 504, ಅಂದರೆ ಹಿಂದಿನಿಂದ ಹೊತ್ತಿಗೆ ಉತ್ತರ ಬರಲಿಲ್ಲ ಎನ್ನುವ ಎರರ್ ತೋರಿಸಿ ಕೈ ಎತ್ತುತ್ತದೆ. ಗಡಿಬಿಡಿಯಲ್ಲಿ ರೀಸ್ಟಾರ್ಟ್ ಮಾಡಿದೆ. ಸರಿಹೋಯಿತು. ಮೂರೇ ನಿಮಿಷ, ಮತ್ತೆ ಅದೇ ಕಥೆ.

ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಕ್ಲಿನಿಕ್ಕಿನ ಲೋಗೋದ ವಿಳಾಸ ಒಂದನ್ನೇ ಹಾಕಿದರೆ ಚಿತ್ರ ಥಟ್ಟನೆ ಬರುತ್ತಿತ್ತು. ಅಂದರೆ ಬಾಗಿಲಲ್ಲಿ ನಿಂತು ಚಿತ್ರಗಳನ್ನು ತಾನೇ ಕೊಡುವ ಎಂಜಿನ್‌ಎಕ್ಸ್ ಎಂಬ ಪ್ರೋಗ್ರಾಮ್ ಚೆನ್ನಾಗಿಯೇ ಇದೆ. ಹಿಂದೆ ಕೂತು ಟೋಕನ್ ಪೇಜ್ ತಯಾರಿಸುವ ಪಿಎಚ್‌ಪಿ ಸಿಕ್ಕಿಹಾಕಿಕೊಂಡಿದೆ. ನಡೆದದ್ದನ್ನು ಬರೆದಿಡುವ ಅದರ ಲಾಗ್ ನೋಡಿದೆ. ಕೆಲಸಗಾರ ಪ್ರೋಸೆಸ್‌ಗಳ ಮಿತಿ 5, ಆ ಮಿತಿ ಮುಟ್ಟಿದೆ, ಹೆಚ್ಚಿಸಿ ಎಂದು ಬರೆದಿತ್ತು.

ಐದನ್ನು ಐವತ್ತು ಮಾಡಿಬಿಡೋಣ ಅನಿಸಿದ್ದು ನಿಜ. ಆದರೆ ಸಿಪಿಯು ಖಾಲಿ ಇರುವಾಗ ಐದು ಜನವೂ ಬಿಜಿ ಹೇಗೆ? ಹೋಟೆಲಿನಲ್ಲಿ ಐದೂ ಸಪ್ಲೈಯರ್‌ಗಳು ಅಡುಗೆಮನೆ ಕಿಟಕಿಯ ಹತ್ತಿರ ನೀರುದೋಸೆಗೆ ಕಾಯುತ್ತಾ ನಿಂತರೆ, ಹೊರಗೆ ಒಂದು ಲೋಟ ನೀರು ಕೊಡುವುದಕ್ಕೂ ಜನ ಇರುವುದಿಲ್ಲ. ಐವತ್ತು ಜನರನ್ನಿಟ್ಟರೆ ಐವತ್ತು ಜನ ಕಿಟಕಿಯ ಹತ್ತಿರ ನಿಲ್ಲುತ್ತಾರೆ, ಅಷ್ಟೇ ಅಲ್ವಾ? ಇವರು ಯಾರಿಗೆ ಕಾಯುತ್ತಿದ್ದಾರೆ ಎಂದು ಮೊದಲು ಗೊತ್ತಾಗಬೇಕಿತ್ತು. ಸುಮ್ನೆ ರೀಸ್ಟಾರ್ಟ್ ಮಾಡಿ ಆ ಗುರುತನ್ನೇ ನಾನು ಅಳಿಸಿದ್ದೆ.

ಈ ಸಲ ಸ್ಲೋ ಲಾಗ್ ಆನ್ ಮಾಡಿ, ಐದು ಸೆಕೆಂಡ್ ದಾಟಿದ್ದನ್ನೆಲ್ಲ ಬರೆದಿಡು ಅಂತ ಹೇಳಿ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಒಂದರ ಕೆಳಗೊಂದು ಐದು ನಮೂದು ಬಿದ್ದವು. ಐದೂ ಒಂದೇ ಫೈಲ್, ಒಂದೇ ಸಾಲು: ಎಸ್‌ಎಂಎಸ್ ಕಳಿಸುವ ಜಾಗದಲ್ಲಿ ಹೊರಗಿನ ಸರ್ವರ್ ಜೊತೆ ಮಾತಾಡುವ ಕರ್ಲ್.

ಎಸ್‌ಎಂಎಸ್ ಕಂಪನಿಯ ಸರ್ವರ್ ಅವತ್ತು ಕನೆಕ್ಷನ್ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಇಷ್ಟು ಹೊತ್ತು ಕಾದು ಬಿಟ್ಟುಬಿಡು ಎನ್ನುವ ಟೈಮ್‌ಔಟ್ ನಾನು ಹಾಕಿರಲಿಲ್ಲ. ನಾವು ಹೇಳದಿದ್ದರೆ ಕರ್ಲ್ ಕನೆಕ್ಷನ್‌ಗೇ 300 ಸೆಕೆಂಡ್ ತನಕ ಕಾಯಬಹುದು. ಪಿಎಚ್‌ಪಿಗೆ 30 ಸೆಕೆಂಡಿನ ಮಿತಿ ಇದೆಯಲ್ಲ ಅಂತ ನಾನು ನೆಚ್ಚಿಕೊಂಡಿದ್ದೆ. ಆದರೆ ನಮ್ಮ ಸರ್ವರ್ ಓಡುವ ಲಿನಕ್ಸ್‌ನಲ್ಲಿ ಹೀಗೆ ಹೊರಗಿನವರಿಗೆ ಕಾಯುವ ಹೊತ್ತು ಆ 30ರ ಲೆಕ್ಕಕ್ಕೇ ಬರುವುದಿಲ್ಲ. ಇದು ನನಗೆ ನಿಜವಾಗಿ ಗೊತ್ತಾದದ್ದು ಆ ಬೆಳಿಗ್ಗೆ.

ಕನೆಕ್ಷನ್‌ಗೆ ಎರಡು ಸೆಕೆಂಡ್, ಒಟ್ಟು ಐದು ಅಂತ ಎರಡು ಸಾಲು ಸೇರಿಸಿದೆ. ಪೇಜ್ ಓಡತೊಡಗಿತು. ಸಂಜೆ ಕೂತು ಎಸ್‌ಎಂಎಸ್ಸನ್ನೇ ಅಲ್ಲಿಂದ ತೆಗೆದೆ. ಈಗ ನಂಬರ್ ಮೊದಲು ಪರದೆಯ ಮೇಲೆ ಬರುತ್ತದೆ, ಮೆಸೇಜ್ ಕಳಿಸುವ ಕೆಲಸ ಹಿಂದಿನಿಂದ ಬೇರೆಯೇ ನಡೆಯುತ್ತದೆ.

ಆದರೆ ಬೆಳಿಗ್ಗೆಯ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಟೋಕನ್ ಡೇಟಾಬೇಸಿಗೆ ಸೇರಿದ ಮೇಲೆ ಎಸ್‌ಎಂಎಸ್ಸಿನಲ್ಲಿ ಸಿಕ್ಕಿಕೊಳ್ಳುತ್ತಿದ್ದದ್ದು. ನಂಬರ್ ಕಾಣಲಿಲ್ಲ ಅಂತ ಪಾಪ ಜನ ಮತ್ತೆ ಮತ್ತೆ ಒತ್ತಿದ್ದಾರೆ. 23 ಟೋಕನ್, ಜನ ಮಾತ್ರ 11. ನಾನು ಫೋನಿನಲ್ಲಿ ಒಂದೊಂದೇ ಓದಿದೆ, ಅಕ್ಕ ಆ ಕಡೆ ಪೆನ್ನಿನಲ್ಲಿ ಹೊಡೆದುಹಾಕುತ್ತಾ ಹೋದರು. ಹೆಬ್ರಿಯ ಒಬ್ಬ ಅಜ್ಜಿಯ ಹೆಸರಿಗೆ 4, 9, 17, ಮೂರೂ ಬಿದ್ದಿತ್ತು.

"ಯಾವುದು ಇಡುವುದು?" ಅಂತ ಅಕ್ಕ ಕೇಳಿದರು.

"4 ಇಡಿ ಅಕ್ಕ. ಮಧ್ಯಾಹ್ನದ ಬಸ್ಸಾದರೂ ಸಿಗಲಿ ಅವರಿಗೆ."