ಹಳೇ ಗೋಡೌನಿಗೆ ಮೊದಲು ಹಾಲಿನ ಡೈರಿ ಬರಲಿ

ಊರಿನ ಪೇಟೆಬೀದಿಯಲ್ಲಿ ಹಳೇ ಕಟ್ಟಡ ಖಾಲಿ ಇದೆ ಅಂದರೆ ಸಾಕು, "ಸಮುದಾಯ ಭವನ ಮಾಡಿಬಿಡಿ" ಅನ್ನುತ್ತಾರೆ. ಹಾಸನ, ಬೇಲೂರು ಕಡೆ ಇಂಥ ಕಟ್ಟಡಗಳ ರಿಪೇರಿ ಮಾಡಿಸುವುದು ನನ್ನ ಕೆಲಸ. ನಾನು ಕೇಳುವುದು ಒಂದೇ: ಮದುವೆ, ನಾಮಕರಣ ಬಿಟ್ಟು ಉಳಿದ ದಿನ ಬೀಗ ತೆಗೆಯೋರು ಯಾರು? ಹೆಂಚಿನ ಕಟ್ಟಡಕ್ಕೆ ಬೀಗ ಬಿದ್ದರೆ ಒಂದು ಹೆಂಚು ಜರುಗಿದ್ದೂ ಯಾರ ಕಣ್ಣಿಗೂ ಬೀಳುವುದಿಲ್ಲ, ನೀರು ಹೆಂಚು ಕೂರುವ ರೀಪಿಗೆ ಇಳಿದು, ಅಲ್ಲಿಂದ ರೀಪು ಹೊರುವ ಪಕಾಸಿಗೆ, ಆಮೇಲೆ ಗೋಡೆಯ ತಲೆಗೆ ಬರುತ್ತದೆ. ಎರಡು ಮಳೆಗಾಲ ಸಾಕು.

ಬೇಲೂರು ತಾಲ್ಲೂಕಿನ ಒಂದು ಊರಲ್ಲಿ ಬಸ್ ನಿಲ್ಲುವ ಜಾಗದ ಎದುರಿಗೇ ಕಾಫಿ ಗೋಡೌನ್ ಇತ್ತು. ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಹಾಕಬೇಕು ಅನ್ನುವ ನಿಯಮ 1996ರ ಹೊತ್ತಿಗೆ ಪೂರ್ತಿ ಹೋಯಿತು, ವ್ಯಾಪಾರಿಗಳು ತೋಟದ ಗೇಟಿಗೇ ಬಂದು ಮೂಟೆ ಎತ್ತತೊಡಗಿದರು, ಈ ಗೋಡೌನ್ ಖಾಲಿಬಿತ್ತು. ಗೋಡೆ ಮಾತ್ರ ಗಟ್ಟಿ. ಬೀದಿ ಕಡೆ ಉದ್ದಕ್ಕೂ ಜಗಲಿ.

ಮುಂದಿನ ಕೋಣೆಯನ್ನು ಹಾಲಿನ ಡೈರಿಗೆ ಕೊಡಿ ಅಂದೆ. ಕೆಲವರಿಗೆ ಮುಖ ಸಣ್ಣದಾಯಿತು, ಡೈರಿ ಅಂದರೆ ಅಷ್ಟಕ್ಕಷ್ಟೇ ಅಲ್ವಾ! ಆದರೆ ಊರಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಪ್ಪದೆ ಜನ ಸೇರುವ ಜಾಗ ಬೇರೆ ಯಾವುದಿದೆ? ಕ್ಯಾನ್ ಇಟ್ಟು ಹತ್ತು ನಿಮಿಷ ಜಗಲಿ ಮೇಲೆ ಕೂರುತ್ತಾರೆ. ಜನ ಕೂತರೆ ಪಕ್ಕದಲ್ಲಿ ಟೀ ಅಂಗಡಿ ತಾನಾಗೇ ಬರುತ್ತದೆ.

ತಕರಾರು ಇದ್ದದ್ದು ನೀರಿನದು. ಡೈರಿ ನೆಲವನ್ನು ದಿನಾ ತೊಳೆಯಬೇಕು, ಇಲ್ಲಿ ಗೋಡೆ ಮಣ್ಣಿನದು. ಮೇಸ್ತ್ರಿ ಸೀದಾ ಹೇಳಿದ, "ಸಾರ್, ಸಿಮೆಂಟ್ ಪ್ಲಾಸ್ಟರ್ ಹೊಡೆದುಬಿಡೋಣ, ಸಲೀಸು." ನಾನು ಬೇಡ ಅಂದೆ. ಹಿಂದೆ ಯಾರೋ ಹಾಗೇ ಬಳಿದಿದ್ದ ಒಂದು ಮೂಲೆಯಲ್ಲಿ ಬಡಿದು ತೋರಿಸಿದೆ, ಡಬಡಬ ಅಂತ ಪೊಳ್ಳು ಸದ್ದು. ತುಂಡು ಕಿತ್ತರೆ ಒಳಗಿನ ಮಣ್ಣು ಹಸಿ ಹಸಿ, ಬೆರಳಲ್ಲೇ ಉದುರಿತು. ನೆಲದಿಂದ ಏರಿದ ತೇವಕ್ಕೆ ಸಿಮೆಂಟ್ ದಾಟಿ ಆರಿಹೋಗಲು ದಾರಿಯೇ ಇರಲಿಲ್ಲ. ಸುಣ್ಣದ ಗಾರೆಯಾದರೆ ತೇವ ಹೊರಗೆ ಹೋಗುತ್ತದೆ. ಹಾಗಾಗಿ ಗೋಡೆಗೆ ಸುಣ್ಣ, ನೆಲಕ್ಕೆ ಚಪ್ಪಡಿ ಕಲ್ಲು, ನೀರು ಹೊರಬಾಗಿಲ ಕಡೆ ಓಡುವ ಹಾಗೆ ಇಳಿಜಾರು, ಗೋಡೆ ಬುಡಕ್ಕೆ ಮೊಣಕಾಲೆತ್ತರ ಕಲ್ಲಿನ ಹಲಗೆ, ಅದೂ ಗೋಡೆಗೆ ಅಂಟದಂತೆ ಒಂದು ಬೆರಳು ಸಂದಿ ಬಿಟ್ಟು. ಸುಣ್ಣ ಒಣಗುವುದು ನಿಧಾನ, ಮಳೆಗಾಲಕ್ಕೆ ಮುಂಚೆಯೇ ಮುಗಿಸಬೇಕು. ಗುತ್ತಿಗೆದಾರರು ಗೊಣಗುವುದು ಇದಕ್ಕೇ. ಎರಚಲು ಹೊಡೆಯುವ ಪಡುವಣ ಗೋಡೆಗೆ ಮಾತ್ರ ಹಳೇ ಕಾಲದ ಹಾಗೆ ಅಡಿಕೆ ಸೋಗೆ ತಟ್ಟಿ ಕಟ್ಟಿಸಿದೆ, ಖರ್ಚು ಏನೇನೂ ಇಲ್ಲ.

ಹಿಂದಿನ ಕೋಣೆಗೆ ಗ್ರಂಥಾಲಯ ತರಬೇಕು ಅಂತ ಪಂಚಾಯಿತಿಯಲ್ಲಿ ಮಾತು ನಡೆಯುತ್ತಿದೆ. ಬೆಳಕು ಕಡಿಮೆ, ಗೋಡೆ ಒಡೆದು ದೊಡ್ಡ ಕಿಟಕಿ ಇಡೋಣ ಅನ್ನುತ್ತಿದ್ದಾರೆ. ಸುಮ್ನೆ ಗೋಡೆ ಮುಟ್ಟಬೇಡಿ, ನಾಲ್ಕು ಗಾಜಿನ ಹೆಂಚು ಹಾಕಿ ನೋಡಿ ಅಂದಿದ್ದೇನೆ.